ಚಿಕ್ಕೇರೂರ ಸಂತೆಗೆ ಗೆರೆ ಹಾಕುವ ಹಾಲವ್ವ

ಕೋಳಿ ಕೂಗಿದೆ, ಬೆಳಕು ಇನ್ನೂ ಹರಿದಿಲ್ಲ. ಚಿಕ್ಕೇರೂರ ಸಂತೆಯ ಬಯಲಿನಲ್ಲಿ ನಾಲ್ಕು ನಾಯಿಗಳನ್ನು ಬಿಟ್ಟರೆ ಎದ್ದು ಓಡಾಡುವ ಜೀವ ಹಾಲವ್ವನದೊಂದೇ. ಸೆರಗನ್ನು ನಡುವಿಗೆ ಬಿಗಿದು, ತಳಕ್ಕೆ ತೂತು ಹೊಡೆದ ಹಳೆಯ ಡಬ್ಬಿಯಲ್ಲಿ ಕುಂಬಾರರ ಆವಿಗೆಯ ಬೂದಿ ತುಂಬಿಕೊಂಡು, ಬಗ್ಗಿ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಾಳೆ. ಡಬ್ಬಿ ಅಲ್ಲಾಡಿದಂತೆಲ್ಲ ನೆಲದ ಮೇಲೆ ಬಿಳಿಯ ಗೆರೆ ಬೀಳುತ್ತದೆ. ದಾರ ಕಟ್ಟಿಲ್ಲ, ಗೂಟ ಹೊಡೆದಿಲ್ಲ, ಆದರೂ ಗೆರೆ ಅತ್ತಿತ್ತ ವಾಲುವುದಿಲ್ಲ. ಒಂದು ಸಾಲು ಮುಗಿದಾಗ ಸೊಂಟಕ್ಕೆ ಕೈಕೊಟ್ಟು ನೆಟ್ಟಗೆ ನಿಂತು, "ಶಿವನೇ" ಎಂದು ಉಸಿರು ಬಿಟ್ಟು, ಮುಂದಿನ ಸಾಲಿಗೆ ಹೊರಡುತ್ತಾಳೆ.

ಅಷ್ಟರಲ್ಲಿ ಮೊದಲ ಚಕ್ಕಡಿಯ ಗೆಜ್ಜೆ ಕೇಳುತ್ತದೆ. ಹಾನಗಲ್ಲಿನ ಕಡೆಯಿಂದ ಅಕ್ಕಿ, ಬಿದಿರು. ಸವಣೂರಿನಿಂದ ಒದ್ದೆ ಗೋಣಿಯಲ್ಲಿ ಸುತ್ತಿದ ವೀಳ್ಯದೆಲೆ. ಶಿಗ್ಗಾಂವಿಯಿಂದ ಶೇಂಗಾ, ಹಿರೇಕೆರೂರಿನಿಂದ ಬೆಲ್ಲ. ಯಲವಿಗಿ ಸ್ಟೇಶನ್ನಿನಲ್ಲಿ ರೈಲಿನಿಂದ ಇಳಿದ ಪೆಟ್ಟಿಗೆಗಳು ಬೇರೆ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ.

"ಹಾಲವ್ವಾ, ಬೆಲ್ಲದ ಗಾಡಿ ಎಲ್ಲಿ ಬಿಡ್ಲಿ?"

"ಹೊಟ್ಟಿ ಸಾಲಿಗೆ ಬಿಡಪಾ. ಸೀಮಿಎಣ್ಣಿಯಾವ ಬಾಜೂಕ ಬಂದು ಕುಂತ್ರ ನನ್ನ ಕರಿ."

"ಚಾಪಿ ತಂದೇನಿ ಯವ್ವಾ."

"ಮನಿ ಸಾಲು."

"ನನ್ನ ಕಡೆ ಎತ್ತಿನ ಹಗ್ಗಾನೂ ಅದಾವು, ಬಾವಿ ಹಗ್ಗಾನೂ ಅದಾವು. ಎಲ್ಲಿ ಕುಂದರ್ಲಿ?"

"ಎರಡು ಕಡೆ ಕುಂಡಿ ಊರಾಕ ಬರ್ತೈತೇನು ನಿನಗ? ಹೊಲದ ಸಾಲಿನ ಈ ತುದಿಗೆ ಕುಂದ್ರು. ಮನಿ ಸಾಲಿನ ಮಂದಿಗೂ ಕಾಣ್ತಿ."

ಹೊತ್ತು ಮೂಡುವ ಹೊತ್ತಿಗೆ ಇನ್ನೂರು ಇನ್ನೂರೈವತ್ತು ಮಂದಿ ಮಾರುವವರು ತಂತಮ್ಮ ಜಾಗದಲ್ಲಿ ಕೂತಿರುತ್ತಾರೆ. ಕೊಳ್ಳುವವರು ಬರುತ್ತಾರೆ, ಉಪ್ಪು ಬೇಕಾದವರು ಉಪ್ಪಿನ ಕಡೆಗೆ, ಕುಡುಗೋಲು ಬೇಕಾದವರು ಕುಡುಗೋಲಿನ ಕಡೆಗೆ ಕಣ್ಣುಮುಚ್ಚಿ ನಡೆಯುತ್ತಾರೆ. ಅವರ ಕಾಲಿನ ಅಡಿಯಲ್ಲೇ ಬೂದಿಯ ಗೆರೆ ಅಳಿಸಿ ಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಹಾಲವ್ವ ಬೆಳಗ್ಗೆ ಏನು ಮಾಡಿದಳು ಎನ್ನುವುದಕ್ಕೆ ಗುರುತೇ ಉಳಿದಿರುವುದಿಲ್ಲ. ಉಪ್ಪು ಯಾಕೆ ಅಲ್ಲೇ ಸಿಕ್ಕಿತು ಎಂದು ಉಪ್ಪು ಕೊಂಡವರು ಯಾರಾದರೂ ಕೇಳಿದ್ದುಂಟೇ?

ಆಕೆಯ ಸಾಲುಗಳು ಐದು. ಹೊಟ್ಟೆಗೆ ಹೋಗುವುದು, ಮೈಮೇಲೆ ಹಾಕುವುದು, ಮನೆಯಲ್ಲಿ ಇಡುವುದು, ಹೊಲಕ್ಕೆ ಒಯ್ಯುವುದು, ದೇವರಿಗೆ ಕೊಡುವುದು. ಭೂಮಿಯ ಮೇಲಿನ ಯಾವ ವಸ್ತುವಾದರೂ ತರಲಿ, ಈ ಐದರಲ್ಲಿ ಒಂದು ಕಡೆ ಹಾಲವ್ವ ಅದಕ್ಕೆ ಜಾಗ ಮಾಡುತ್ತಾಳೆ. ಐದೂ ಸಾಲು ಬಂದು ಕೂಡುವ ನಡುಜಾಗದಲ್ಲಿ ಮಾತ್ರ ಸವಣೂರಿನ ಎಲೆಯವರು ಕೂರುತ್ತಾರೆ. ಎಲೆ ಹೊಟ್ಟೆಗೂ ಹೌದು, ದೇವರಿಗೂ ಹೌದು, ಮದುವೆಯ ಮಾತಿಗೂ ಬೇಕು. ಅದನ್ನು ಯಾವ ಸಾಲಿಗೆ ಹಾಕಿದರೂ ಉಳಿದ ಸಾಲಿನವರು ಜಗಳಕ್ಕೆ ಬರುತ್ತಾರೆ. ಅದಕ್ಕೇ ಎಲೆಗೆ ನಡುಜಾಗ.

ಹಾಲವ್ವ ಹಾನಗಲ್ಲ ಕಡೆಯ ಹೆಣ್ಣು. ಸಂತೆಯ ಬಯಲು ಗುಡಿಸಿ, ಬಂದವರಿಗೆ ಜಾಗ ತೋರಿಸುವ ಕೆಲಸ ಗಂಡ ಕರಿಬಸಪ್ಪನ ಮನೆತನದ್ದು. ಮಾವನ ಕಾಲದಲ್ಲಿ ಸಾಲು ಊರಿನ ಪ್ರಕಾರ ಇತ್ತು. ಹಾನಗಲ್ಲಿನವರು ಕೆರೆಯ ಕಡೆ, ಸವಣೂರಿನವರು ರಸ್ತೆಯ ಕಡೆ, ಒಂದೊಂದು ಊರಿನವರೊಳಗೆ ಮತ್ತೆ ಜಾತಿ ನೋಡಿ ಹಿಂದೆ ಮುಂದೆ. ಉಪ್ಪಿನವರು ನಾಲ್ಕು ಮೂಲೆಯಲ್ಲಿ ನಾಲ್ಕು ಮಂದಿ. ಕರಿಬಸಪ್ಪ ಚಳಿಜ್ವರದಲ್ಲಿ ತೀರಿಕೊಂಡಾಗ ಹಾಲವ್ವನಿಗೆ ಇನ್ನೂ ತಲೆಯಲ್ಲಿ ಒಂದು ಬಿಳಿಕೂದಲಿಲ್ಲ. ಸಂತೆಯ ಸುಂಕ ಹಿಡಿದವರು, ಹೆಂಗಸಿನಿಂದ ಇದೆಲ್ಲ ಆಗುವ ಮಾತಲ್ಲ ಎಂದು ಮೂಗು ಮುರಿದರು. ಮುಂದಿನ ಸಂತೆಗೆ ಬೇರೆ ಯಾರೂ ಸಿಗಲಿಲ್ಲ. ಹಾಲವ್ವ ಕಸಬರಿಗೆ ಹಿಡಿದು ಬಂದು ನಿಂತಳು.

ಸಾಲು ಬದಲಾದದ್ದು ಒಬ್ಬ ಮುದುಕಿಯಿಂದ. ಆ ಮುದುಕಿ ಒಂದು ಕುಡುಗೋಲು, ಎರಡು ಸೇರು ಉಪ್ಪು ಬೇಕೆಂದು ಬಂದವಳು ಇಡೀ ದಿನ ಒಂದು ಊರಿನ ಸಾಲಿನಿಂದ ಇನ್ನೊಂದು ಊರಿನ ಸಾಲಿಗೆ ತಿರುಗಿ, ಉಪ್ಪೂ ಇಲ್ಲದೆ ಕುಡುಗೋಲೂ ಇಲ್ಲದೆ, ತನ್ನೂರ ಚಕ್ಕಡಿಯನ್ನೂ ತಪ್ಪಿಸಿಕೊಂಡು ಹುಣಸೆ ಮರದ ಕೆಳಗೆ ಅಳುತ್ತ ಕೂತಿದ್ದಳು. ಹಾಲವ್ವ ಆಕೆಯನ್ನು ಮನೆಗೆ ಕರೆದೊಯ್ದು ರೊಟ್ಟಿ ಹಾಕಿದಳು.

"ಮಂದಿ ಊರ ಹುಡುಕ್ಕೊಂತ ಸಂತಿಗೆ ಬರಾಂಗಿಲ್ರಿ, ತಮಗ ಬೇಕಾದ್ದನ್ನ ಹುಡುಕ್ಕೊಂತ ಬರ್ತಾರ" ಎನ್ನುತ್ತಾಳೆ ಹಾಲವ್ವ. "ಆ ಮುದುಕಿ ಮಲಗಿದ ಮ್ಯಾಲೆ ಕುಂತು ವಿಚಾರ ಮಾಡಿದೆ. ಮನುಷ್ಯಾಗ ಏನೇನು ಬೇಕು? ಉಣ್ಣಾಕ ಬೇಕು, ಉಡಾಕ ಬೇಕು. ಹಿಂಗ ಬೆರಳ ಮಡಚಿದೆ. ಐದಕ್ಕ ಮುಗೀತು."

ಮುಗೀತು ಎನ್ನುವುದು ಬಾಯಿಮಾತು. ಮಾಡಲು ಹೋದಾಗ ಒಂದೊಂದು ವಸ್ತುವೂ ತಕರಾರು ತೆಗೆಯಿತು. ಸುಣ್ಣ ಎಲೆಗೂ ಬೇಕು, ಗೋಡೆಗೂ ಬೇಕು. ಅರಿಷಿಣ ಸಾರಿಗೂ ಹೌದು, ಮೈಗೂ ಹೌದು, ದೇವರಿಗೂ ಹೌದು. ಕಾಲಿಗೆ ಮೆಟ್ಟುವ ಕೆರ ಮೈಮೇಲಿನದೋ ಅಲ್ಲವೋ? ಮೈ ಸಾಲಿಗೆ ಕೆರದ ಅಂಗಡಿಯನ್ನು ತಂದಾಗ ಸೀರೆಯವರು ಕೂಗಾಡಿ ಭೂಮಿ ಆಕಾಶ ಒಂದು ಮಾಡಿದರು. ಹಾಲವ್ವ ಕೆರದವರನ್ನು ಅದೇ ಸಾಲಿನ ತುದಿಗೆ ಕೂರಿಸಿದಳು. ನಡುವಿಗೆ ತರುವ ಧೈರ್ಯ ತನಗೆ ಆಗ ಇರಲಿಲ್ಲ, ಈಗಲೂ ಪೂರಾ ಬಂದಿಲ್ಲ ಎಂದು ಒಪ್ಪಿಕೊಳ್ಳುತ್ತಾಳೆ.

ತಕರಾರು ಬಂದಾಗ ಆಕೆ ಮಾಡುವುದು ಇಷ್ಟೇ. ಎರಡು ಮೂರು ಸಂತೆ ಆ ಅಂಗಡಿಯ ಎದುರಿಗೆ ಕೂತು, ಯಾರು ಬಂದು ಒಯ್ಯುತ್ತಾರೆ ಎಂದು ನೋಡುತ್ತಾಳೆ. ಹುಬ್ಬಳ್ಳಿಯವನೊಬ್ಬ ಬ್ಯಾಟರಿ ದೀಪ ತಂದ. ಗುಂಡಿ ಒತ್ತಿದರೆ ಬೆಳಕು. ದೀಪದ ಎಣ್ಣೆಯವರ ಪಕ್ಕ ಕೂರಿಸಿದರೆ ಎಣ್ಣೆಯವರು ಗುರ್ರೆಂದರು. ಕಬ್ಬಿಣದವರ ಪಕ್ಕ ಕೂರಿಸಿದರೆ ಗಿರಾಕಿಯೇ ಇಲ್ಲ. ಹಾಲವ್ವ ನೋಡಿದಳು. ರಾತ್ರಿ ಕಾಡುಹಂದಿ ಕಾಯಲು ಹೊಲಕ್ಕೆ ಹೋಗುವ ಗಂಡಸರೇ ಅದನ್ನು ಒಯ್ಯುತ್ತಿದ್ದರು. ಬ್ಯಾಟರಿಯವನು ಹೊಲದ ಸಾಲಿಗೆ ಹೋಗಿ, ಕವಣೆಯವನ ಪಕ್ಕ ಕೂತ. ಪರದೇಶದಲ್ಲಿ ಯುದ್ಧ ಸುರುವಾಗಿ ಮಾಲು ಬರುವುದು ಕಡಿಮೆಯಾದರೂ ಇವತ್ತಿಗೂ ಅವನ ಜಾಗ ಅದೇ.

ಆರನೆಯ ಸಾಲು ಹುಟ್ಟಿದ್ದೂ ಹೀಗೆ ನೋಡುವುದರಿಂದಲೇ.

ಐದಾರು ವರ್ಷದ ಹಿಂದೆ ಈ ಸೀಮೆಯಲ್ಲಿ ಕಾಲರಾ ಬಂದಿತು. ಮನೆಗೊಬ್ಬರು ಹೋದರು, ಕೆಲವು ಮನೆಯಲ್ಲಿ ಬಾಗಿಲು ಹಾಕುವವರೂ ಉಳಿಯಲಿಲ್ಲ. ಹೆಣವನ್ನು ಮನೆಯಲ್ಲಿಟ್ಟು, ತಲೆಗೆ ವಸ್ತ್ರ ಹಾಕಿಕೊಂಡು ಸಂತೆಗೆ ಬಂದವರನ್ನು ಹಾಲವ್ವ ನೋಡುತ್ತಿದ್ದಳು. ಬಿದಿರಿಗೆ ಒಂದು ಕಡೆ, ಗಡಿಗೆಗೆ ಇನ್ನೊಂದು ಕಡೆ. ಬಿಳಿಯ ಬಟ್ಟೆಗೆ ಹೋದರೆ ಪಕ್ಕದಲ್ಲಿ ಮದುವೆಯ ಸೀರೆ ಆರಿಸುವವರ ನಗೆ. ಒಬ್ಬ ಗಂಡಸು ಆ ನಗೆಯ ನಡುವೆ ನಿಂತು, ತನ್ನ ಪಾಳಿ ಬಂದಾಗ ಏನು ಬೇಕೆಂದು ಹೇಳಲಾರದೆ ಹಾಗೇ ತಿರುಗಿ ಹೋದದ್ದನ್ನು ಆಕೆ ಕಂಡಳು. 

ಮುಂದಿನ ಸಂತೆಯ ನಸುಕಿನಲ್ಲಿ ಹಾಲವ್ವ ತೆಂಕಲ ದಿಕ್ಕಿಗೆ, ಹುಣಸೆ ಮರದ ಹತ್ತಿರ, ಆರನೆಯ ಗೆರೆ ಎಳೆದಳು. ಬಿದಿರಿನವರಲ್ಲಿ ಒಬ್ಬ, ಕುಂಬಾರರಲ್ಲಿ ಒಬ್ಬ, ಹಗ್ಗ, ವಿಭೂತಿ, ಊದಿನಕಡ್ಡಿ, ಹೆಣದ ಮೇಲೆ ತೂರುವ ಚುರುಮುರಿ, ಎಲ್ಲ ಒಂದೇ ಕಡೆ. ಬಿಳಿಯ ಬಟ್ಟೆಗೆ ರಟ್ಟೀಹಳ್ಳಿಯ ನೇಕಾರ ಫಕ್ಕೀರಪ್ಪ. ಅವನ ಮಗ್ಗದ ಬಟ್ಟೆಯೆಲ್ಲ ಬಿಳಿ. ಧೋತರ, ತಲೆಗೆ ಸುತ್ತುವ ಪಟಗ, ಕೂಸಿನ ಹಾಸಿಗೆ ಎಲ್ಲಕ್ಕೂ ಒಯ್ಯುತ್ತಿದ್ದ ಬಟ್ಟೆ. ಆ ವರ್ಷ ಮಾತ್ರ ಎಲ್ಲರೂ ಒಂದಕ್ಕೇ ಒಯ್ಯುತ್ತಿದ್ದರು.

"ಕೆಲವು ದಿನ ಇಲ್ಲಿ ಕುಂದ್ರಪಾ, ಮಂದಿಗೆ ಅನುಕೂಲ ಆಗ್ತೈತಿ" ಎಂದಳು ಹಾಲವ್ವ.

"ನೀ ಹೇಳಿದ ಮ್ಯಾಲೆ ಆತವ್ವ" ಎಂದು ಫಕ್ಕೀರಪ್ಪ ಗಂಟು ಎತ್ತಿಕೊಂಡು ಬಂದು ಕೂತ.

ದುಃಖದಲ್ಲಿದ್ದವರು ನಾಲ್ಕು ಹೆಜ್ಜೆಯಲ್ಲಿ ಬೇಕಾದ್ದು ಕೊಂಡು ಹೋದರು. ಯಾರೂ ಅವರನ್ನು ನೋಡಲಿಲ್ಲ, ಅವರು ಯಾರ ನಗೆಯನ್ನೂ ಕೇಳಲಿಲ್ಲ. ಸುತ್ತಲ ಹಳ್ಳಿಯವರು, ಹಾಲವ್ವ ದೊಡ್ಡ ಪುಣ್ಯ ಕಟ್ಟಿಕೊಂಡಳು ಎಂದರು. ಅತ್ತೆಯ ಮನೆಗೆ ಬಂದಾಗಿನಿಂದ ಒಂದು ಒಳ್ಳೆಯ ಮಾತು ಕೇಳದ ಜೀವ ಅದು. ಕಾಲರಾ ಹೋಯಿತು, ಆರನೆಯ ಸಾಲು ಉಳಿಯಿತು. ಪ್ರತಿ ಸಂತೆಯಲ್ಲೂ ಹಾಲವ್ವ ಆ ಗೆರೆಯನ್ನೇ ಮೊದಲು ಎಳೆಯುತ್ತಿದ್ದಳು.

ಹೋದ ವರ್ಷ ಪಂಚಾಯ್ತಿಯ ಚೇರ್ಮನ್ ಚನ್ನವೀರಪ್ಪಗೌಡರು ಆಕೆಯನ್ನು ಕರೆಸಿದರು. ಗೌಡರು ಒಳ್ಳೆಯ ಮನುಷ್ಯರು, ಸ್ವಲ್ಪ ಕಲ್ಲಿನ ಹುಚ್ಚು. ಊರಲ್ಲಿ ಎಲ್ಲಿ ಕಲ್ಲು ನೆಟ್ಟಿದ್ದರೂ ಅದು ಅವರ ಕಾಲದ್ದೇ.

"ಹಾಲವ್ವ, ನಿನಗ ವಯಸ್ಸಾಕತ್ತೈತಿ. ನಿನ್ನ ಹಿಂದ ಈ ಸಾಲು ಯಾರಿಗೆ ಗೊತ್ತು? ಸಾಲಿಗೊಂದು ಕಲ್ಲು ನೆಡಸ್ತೇನಿ. ಮ್ಯಾಲೆ ಹೆಸರ ಕೆತ್ತಸ್ತೇನಿ. ಇನ್ನ ನೂರು ವರ್ಷ ಸಂತಿ ಹಿಂಗ ಇರ್ಬೇಕು."

ಹಾಲವ್ವನಿಗೆ ಕಣ್ಣು ತುಂಬಿ ಬಂದವು. ಗಾಳಿ ಬಂದರೆ ಹಾರಿಹೋಗುವ ತನ್ನ ಗೆರೆ ಕಲ್ಲಾಗುತ್ತದೆ ಎಂದರೆ ಯಾರಿಗೆ ಸಂತೋಷವಾಗುವುದಿಲ್ಲ? ಮುಂದಿನ ಸಂತೆಯ ದಿನ ಆರು ಕಲ್ಲು ಬಂದು ಬಯಲಿನಲ್ಲಿ ಬಿದ್ದವು. ಕನ್ನಡ ಶಾಲೆಯ ಮಾಸ್ತರ ರಾಘಣ್ಣನವರು ಕೂತು ಸೀಮೆಸುಣ್ಣದಿಂದ ಹೆಸರು ಬರೆದರು, ಅದರ ಮೇಲೆ ಉಳಿ ಆಡಿಸುವುದೊಂದೇ ಬಾಕಿ. ಆರನೆಯ ಕಲ್ಲಿನ ಎದುರಿಗೆ ರಾಘಣ್ಣನವರು ಒಂದು ಗಳಿಗೆ ತಡೆದು, "ಇದಕ್ಕ ಏನು ಬರೀಲಿ ಹಾಲವ್ವ?" ಎಂದು ಕೇಳಿದರು. ಆಕೆ ಹೇಳಲಾರದೆ ಹೋದಾಗ ತಾವೇ "ಅಂತ್ಯಕ್ರಿಯೆಯ ಸಾಲು" ಎಂದು ದುಂಡಗೆ ಬರೆದರು.

ಫಕ್ಕೀರಪ್ಪ ಆಗಷ್ಟೇ ಬಂದಿದ್ದ. ಅಕ್ಷರ ಬಲ್ಲವನು. ಕಲ್ಲಿನ ಎದುರು ನಿಂತು ಓದಿದ. ಗಂಟು ಬಿಚ್ಚಲಿಲ್ಲ. ನೇರವಾಗಿ ಹಾಲವ್ವನ ಹತ್ತಿರ ಬಂದ.

"ಯವ್ವಾ, ನಿನಗ ಒಂದು ಮಾತು ಕೇಳ್ತೇನಿ. ಸವಣೂರ ಎಲಿ ಮದಿವಿಗೂ ಬೇಕು, ಹೆಣದ ಬಾಯಾಗೂ ಹಾಕ್ತಾರ. ಎಲಿ ಮಾರಾವ ಸಂತಿ ನಡು ಕುಂತಾನ. ನನ್ನ ಅರಿವಿ ಯಾಕ ಬರೇ ಹೆಣಕ್ಕ?"

ಹಾಲವ್ವ ನಡುಜಾಗದ ಎಲೆಯವರ ಕಡೆ ನೋಡಿದಳು.

"ನಾಕು ದಿನ ಕುಂದ್ರು ಅಂದಿ, ಕುಂತೆ. ಈಗ ನನ್ನ ಕಡೆ ಯಾರೂ ಧೋತರ ಒಯ್ಯಾಂಗಿಲ್ಲ. ಕೂಸಿಗೆ ಅಂತ ಒಬ್ಬ ಹೆಣಮಗಳೂ ಬರಾಂಗಿಲ್ಲ. ನನ್ನ ಖಾಸ ಅಕ್ಕ, ಮಗನ ಮದಿವ್ಯಾಗ ಧೋತರಾ ಬ್ಯಾರೆ ಕಡೆ ತಂದಳು. ತಮ್ಮನ ಮಗ್ಗದ ಅರಿವಿ ಅಪಶಕುನ ಅಂತ. ನಾ ಪಂಕ್ತ್ಯಾಗ ಕುಂತು ಉಂಡು ಬಂದೆ. ಇಷ್ಟು ದಿನ ತಡಕೊಂಡೆ, ಯಾಕಂದ್ರ ನಿನ್ನ ಗೆರಿ ಬೂದೀದು. ಇವತ್ತಲ್ಲ ನಾಳೆ ಗಾಳಿಗೆ ಹೋಗ್ತೈತಿ ಅಂದ್ಕೊಂಡಿದ್ದೆ. ಕಲ್ಲು ಹೋಗಾಂಗಿಲ್ಲವ್ವ."

ಅಷ್ಟು ಹೇಳಿ ಗಂಟು ಹೆಗಲಿಗೇರಿಸಿ ನಡೆದುಬಿಟ್ಟ. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು ಎನ್ನುತ್ತಾಳೆ ಹಾಲವ್ವ.

ಆ ದಿನ ಆಕೆ ಹುಣಸೆ ಮರದ ಕೆಳಗೆ ಕೂತವಳು ಸಂತೆ ಕರಗುವವರೆಗೂ ಏಳಲಿಲ್ಲ. ಬಾಯಿಗೆ ನೀರು ಹಾಕಲಿಲ್ಲ. ಬೇಕಂತ ಮಾಡಿದ್ದಲ್ಲ, ಕರುಣೆಯಿಂದ ಮಾಡಿದ್ದು, ಜನ ಕೈಯೆತ್ತಿ ಮುಗಿದದ್ದು. ಅದೇ ಸಾಲು ಒಬ್ಬ ದುಡಿಯುವ ಮನುಷ್ಯನ ಮೈಗೆ ಮೈಲಿಗೆಯ ಹಾಗೆ ಅಂಟಿಕೊಂಡಿತ್ತು, ಅದನ್ನು ತಾನು ಒಂದು ದಿನವೂ ನೋಡಲಿಲ್ಲ.

"ಯಾರ ಒಯ್ತಾರ ಅಂತ ನೋಡಿದ್ದು ತಪ್ಪಲ್ರಿ. ಒಂದ ಸಲ ನೋಡಿ ಬಿಟ್ಟೆನಲ್ಲ, ಅದು ತಪ್ಪು. ಕಾಲರಾ ಹೋತು, ಮತ್ತೊಮ್ಮೆ ನೋಡಬೇಕಿತ್ತು. ಮಂದಿ ಹೊಗಳಾಕತ್ತಿದ್ರು. ನನಗ ಅದರ ರುಚಿ ಹತ್ತಿತ್ತು."

ಮೊದಲು ಆಕೆ ಸುಲಭದ ದಾರಿ ಹಿಡಿದಳು. ಫಕ್ಕೀರಪ್ಪನನ್ನು ಮೈ ಸಾಲಿಗೆ ತಂದರಾಯಿತು ಎಂದುಕೊಂಡಳು. ಮೈ ಸಾಲಿನಲ್ಲಿ ಮೊದಲ ಮಾತು ಅನ್ನವ್ವನದು. ಅನ್ನವ್ವ ಇಳಕಲ್ಲ ಸೀರೆ, ಕುಬಸದ ಖಣ ಮಾರುವ ಗಟ್ಟಿ ಹೆಂಗಸು. ನಾಲಿಗೆ ಕತ್ತರಿ, ಕೈ ಮಾತ್ರ ಧಾರಾಳ.

"ಒಲ್ಲೆವ್ವ" ಎಂದಳು ಅನ್ನವ್ವ. "ಆ ಮನುಷ್ಯಾನ ಮ್ಯಾಲೆ ನನಗೇನೂ ಇಲ್ಲ. ಆದ್ರ ತೆಂಕಲ ಸಾಲಿನಿಂದ ಎದ್ದ ಅರಿವಿ ನನ್ನ ಬಾಜೂಕ ಬಂದು ಕುಂತ್ರ, ಮದಿವಿ ಸೀರಿ ಯಾರ ಮುಟ್ತಾರ? ನನ್ನ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ."

ಅನ್ನವ್ವನ ಮಾತಿನಲ್ಲಿ ಸುಳ್ಳಿರಲಿಲ್ಲ. ಹಾಲವ್ವ ಇಕ್ಕಟ್ಟಿಗೆ ಸಿಕ್ಕಳು. ಆರನೆಯ ಸಾಲು ಎಲ್ಲಿಯವರೆಗೆ ಇರುತ್ತದೋ ಅಲ್ಲಿಯವರೆಗೆ ಫಕ್ಕೀರಪ್ಪ ಎಲ್ಲಿ ಕೂತರೂ ಆ ಸಾಲಿನಿಂದ ಎದ್ದು ಬಂದವನೇ. ಕಲ್ಲುಕುಟಿಗರು ಬರುವುದಕ್ಕೆ ಒಂದು ಸಂತೆಯಷ್ಟೇ ಉಳಿದಿತ್ತು. ಕೆತ್ತಿದ ಮೇಲೆ ಗೌಡರ ಕಲ್ಲನ್ನು ಕೀಳುವವರು ಯಾರು? ಊರು ಹೊಗಳಿದ ಸಾಲು ಬೇಕೋ, ಆ ಮನುಷ್ಯ ಬೇಕೋ ಎಂದು ತನ್ನನ್ನು ತಾನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು, ಎದೆ ಒಪ್ಪಲು ವಾರ ಹಿಡಿಯಿತು.

ಮುಂದಿನ ಸಂತೆಯ ನಸುಕಿನಲ್ಲಿ ಹಾಲವ್ವ ಐದೇ ಗೆರೆ ಎಳೆದಳು. ಬಿದಿರಿನವನು ಬಂದ. "ಹೊಲದ ಸಾಲಿಗೆ ಹೋಗು, ನಿಮ್ಮಣ್ಣನ ಬಾಜೂಕ." ಕುಂಬಾರ ಬಂದ. "ಮನಿ ಸಾಲು." ವಿಭೂತಿ, ಊದಿನಕಡ್ಡಿ ದೇವರ ಸಾಲಿಗೆ, ಚುರುಮುರಿ ಹೊಟ್ಟೆಯ ಸಾಲಿಗೆ. ಮೈ ಸಾಲಿನಲ್ಲಿ ಅನ್ನವ್ವನ ಬಗಲಿಗೆ ಒಂದು ಚೌಕ ಬರೆದು ಖಾಲಿ ಬಿಟ್ಟಳು. ಒಬ್ಬೊಬ್ಬರೂ ಗೊಣಗಿದರು. ಯಾರೋ ಹೋಗಿ ಗೌಡರಿಗೆ ಸುದ್ದಿ ಮುಟ್ಟಿಸಿದರು. ಗೌಡರು ಹಲ್ಲುಜ್ಜುವ ಕಡ್ಡಿ ಬಾಯಲ್ಲಿಟ್ಟುಕೊಂಡೇ ಬಂದರು.

"ಏನಿದು ಹಾಲವ್ವ? ನೀನ ಕಟ್ಟಿದ್ದನ್ನ ನೀನ ಕೆಡವಾಕತ್ತಿ?"

"ಹೌದ್ರಿ ಗೌಡ್ರ. ಹೊಟ್ಟಿಗೆ ಅಂತ ಬ್ಯಾರೆ ವಸ್ತು ಅದಾವು, ಹೊಲಕ್ಕ ಅಂತ ಬ್ಯಾರೆ ಅದಾವು. ಸಾವಿಗೆ ಅಂತ ಬ್ಯಾರೆ ವಸ್ತು ಯಾವೂ ಇಲ್ರಿ. ಹುಡುಕಿ ಹುಡುಕಿ ನೋಡಿದೆ. ಅದ ಬಿದಿರು, ಅದ ಗಡಿಗಿ, ಅದ ಅರಿವಿ. ಇದ್ದಾಗ ಬಳಸಿದ್ದನ್ನ ಇನ್ನೊಮ್ಮೆ ಬಳಸೂದು, ಅಷ್ಟ. ಅದಕ್ಕೊಂದು ಸಾಲು ಮಾಡಿದ್ದು ನನ್ನ ತಪ್ಪು."

"ಮತ್ತ ಅಳಕೋತ ಬಂದಾವ್ರು ಐದೂ ಸಾಲು ತಿರಗಬೇಕೇನು? ಅದಕ್ಕ ಅಲ್ಲೇನು ನೀ ಇದನ್ನ ಮಾಡಿದ್ದು?"

"ಅವ್ರು ತಿರಗೂದು ಬ್ಯಾಡ್ರಿ. ಅವ್ರು ಹುಣಸಿ ಗಿಡದ ಕೆಳಗ ಕುಂದರ್ಲಿ. ನಾ ತಿರಗ್ತೇನಿ."

ಗೌಡರು ಕಡ್ಡಿ ಉಗುಳಿ, "ಹಂಗಾರ ಐದ ಕಲ್ಲು ಕೆತ್ತಸ್ತೇನಿ" ಎಂದರು. ಅನ್ನವ್ವ ಮಾತ್ರ ಬಿಡಲಿಲ್ಲ. ಆ ಖಾಲಿ ಚೌಕವನ್ನು ತೋರಿಸಿ, "ಇದನ್ನ ಅಳಸು" ಎಂದಳು.

"ಅನ್ನವ್ವ, ಸಿಟ್ಟಾಗಬ್ಯಾಡ" ಎಂದಳು ಹಾಲವ್ವ. "ಮುತ್ತೈದಿ ಸತ್ತಾಗ ಹಸರ ಸೀರಿ ಉಡಿಸಿ, ಕುಬಸ ತೊಡಿಸಿ ಕಳಸ್ತಾರ. ಆ ಸೀರಿ ಯಾರ ಅಂಗಡ್ಯಾಗಿಂದು?"

ಅನ್ನವ್ವ ತಿರುಗಿ ತನ್ನ ಸೀರೆ ಮಡಚತೊಡಗಿದಳು. ಎಷ್ಟು ಮನೆಗೆ ಎಷ್ಟು ಹಸಿರು ಸೀರೆ ಕೊಟ್ಟಿದ್ದಳೋ ಆಕೆಗೇ ಗೊತ್ತು. ಎಲ್ಲರ ಎದುರಿಗೆ ಏನೂ ಒಪ್ಪಿಕೊಳ್ಳಲಿಲ್ಲ. ಚೌಕ ಅಳಿಸು ಎನ್ನುವ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ.

ಐದು ಕಲ್ಲು ಕೆತ್ತಿ ನೆಟ್ಟದ್ದಾಯಿತು. ಆರನೆಯದರ ಮೇಲಿನ ಸೀಮೆಸುಣ್ಣವನ್ನು ಹಾಲವ್ವ ತನ್ನ ಕೈಯಾರೆ ತೊಳೆದಳು. ಅದನ್ನು ಹುಣಸೆ ಮರದ ಕೆಳಗೆ ಮಲಗಿಸಿ ಹಾಕಿದ್ದಾರೆ. ದಣಿದವರು ಕೂರುತ್ತಾರೆ, ಹೆಣದ ಸಾಮಾನಿಗೆ ಬಂದವರೂ ಅಲ್ಲೇ ಕೂರುತ್ತಾರೆ. ಹಾಲವ್ವ ಅವರಿಗೆ ಒಂದು ತಂಬಿಗೆ ನೀರು ಕೊಟ್ಟು, ಮಂಡಿನೋವಿನ ಕಾಲು ಎಳೆಯುತ್ತ ಐದೂ ಸಾಲು ಸುತ್ತಿ, ಬೇಕಾದ್ದನ್ನೆಲ್ಲ ತಂದು ಅವರ ಕಾಲ ಹತ್ತಿರ ಇಡುತ್ತಾಳೆ. ಇದಕ್ಕೆ ಆಕೆ ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಆಕೆಯ ಬದುಕು ನಡೆಯುವುದು ಮಾರುವವರು ಸಂತೆ ಮುಗಿದಾಗ ಉಡಿಗೆ ಹಾಕುವ ಹಿಡಿಕಾಳು, ಹಿಡಿಮೆಣಸಿನಕಾಯಿಯಿಂದ.

ಫಕ್ಕೀರಪ್ಪ ಮಾತ್ರ ಬರಲಿಲ್ಲ. ಹಾಲವ್ವ ಒಮ್ಮೆ ರಟ್ಟೀಹಳ್ಳಿಗೆ ನಡೆದುಹೋದಳು. ಮಗ್ಗದ ಗುಂಡಿಯಲ್ಲಿ ಕೂತವನು ಏಳಲಿಲ್ಲ, ಆದರೆ ಹೆಂಡತಿಗೆ ಹೇಳಿ ಆಕೆಗೆ ಮಜ್ಜಿಗೆ ಕೊಡಿಸಿದ. "ನೋಡೂಣವ್ವ" ಎಂದನಷ್ಟೇ. ಮಳೆಗಾಲ ಹೋಯಿತು, ಸುಗ್ಗಿಯೂ ಹೋಯಿತು. ಪ್ರತಿ ಸಂತೆಯ ನಸುಕಿನಲ್ಲಿ ಹಾಲವ್ವ ಅನ್ನವ್ವನ ಬಗಲಿಗೆ ಆ ಚೌಕ ಬರೆಯುತ್ತಾಳೆ. ಬೇರೆ ಯಾರಾದರೂ ಕೂರಲು ಬಂದರೆ, "ಅದು ಫಕ್ಕೀರಪ್ಪಂದು" ಎಂದು ಎಬ್ಬಿಸುತ್ತಾಳೆ.

ಇವತ್ತು ಹೊತ್ತು ಮೂಡುವ ಹೊತ್ತಿಗೆ ಆ ಚೌಕದಲ್ಲಿ ಒಂದು ಗಂಟು ಬಂದು ಕೂತಿದೆ.

ಹಾಲವ್ವ ದೂರದಿಂದಲೇ ನೋಡುತ್ತಾಳೆ. ಫಕ್ಕೀರಪ್ಪ ಗಂಟು ಬಿಚ್ಚಿ, ಬಿಳಿಯ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಇಡುತ್ತಿದ್ದಾನೆ. ತಲೆ ಎತ್ತುವುದಿಲ್ಲ. ಹೆಂಗಸರು ಬರುತ್ತಾರೆ, ಅನ್ನವ್ವನ ಸೀರೆ ಮುಟ್ಟುತ್ತಾರೆ, ಪಕ್ಕಕ್ಕೆ ಕಣ್ಣು ಹಾಯಿಸಿ ಮುಂದೆ ಸಾಗುತ್ತಾರೆ. ಬೋಣಿ ಆಗಿಲ್ಲ. ಮೊದಲ ಗಿರಾಕಿ ಎಂಥದ್ದೋ ಆ ದಿನದ ವ್ಯಾಪಾರ ಅಂಥದ್ದು ಎಂದು ನಂಬುವ ಸಂತೆ ಇದು. 

ಆಗಲೇ ಹುಣಸೆ ಮರದ ಕೆಳಗಿನ ಕಲ್ಲಿನ ಮೇಲೆ ಒಬ್ಬ ಗಂಡಸು ಬಂದು ಕೂರುತ್ತಾನೆ. ತಲೆಯ ಮೇಲೆ ವಸ್ತ್ರ. ಹಾಲವ್ವನಿಗೆ ಕೇಳುವ ಕೆಲಸವಿಲ್ಲ, ನೀರು ಕೊಡುತ್ತಾಳೆ. "ನಮ್ಮಪ್ಪ" ಎನ್ನುತ್ತಾನೆ ಅವನು. "ಲಗೂನ ಹೋಗಬೇಕವ್ವ, ಬೀಗರು ಬಂದು ಕುಂತಾರ."

ಬಿದಿರು ತರುತ್ತಾಳೆ, ಗಡಿಗೆ ತರುತ್ತಾಳೆ, ವಿಭೂತಿ, ಎಲೆ ತರುತ್ತಾಳೆ. ಬಟ್ಟೆಯೊಂದು ಉಳಿಯುತ್ತದೆ. ಮೈ ಸಾಲಿನ ಬಾಯಿಗೆ ಬಂದು ಆಕೆಯ ಕಾಲು ನಿಲ್ಲುತ್ತದೆ. ಇಷ್ಟು ದಿನ ಅನ್ನವ್ವನ ಹಿಂದಿನ ಅಂಗಡಿಯಿಂದ ಗಿರಣಿಯ ಬಟ್ಟೆ ಒಯ್ಯುತ್ತಿದ್ದಳು. ಇವತ್ತು ಫಕ್ಕೀರಪ್ಪನನ್ನು ದಾಟಿ ಅಲ್ಲಿಗೆ ಹೋದರೆ ಅವನು ಏನೆಂದುಕೊಂಡಾನು? ಅವನಲ್ಲೇ ಕೊಂಡರೆ ಬೋಣಿಯೇ ಹೆಣದ ಬಟ್ಟೆ. ಇಡೀ ಸಾಲು ನೋಡುತ್ತದೆ, ಮತ್ತೆ ಅದೇ ಹೆಸರು ಅಂಟುತ್ತದೆ. ಅತ್ತ ಕಲ್ಲಿನ ಮೇಲೆ ಕೂತವನಿಗೆ ಹೊತ್ತಾಗುತ್ತಿದೆ. ಹಾಲವ್ವ ನಿಂತಲ್ಲೇ ನಿಂತಿದ್ದಾಳೆ.

ಫಕ್ಕೀರಪ್ಪನಿಗೂ ಗೊತ್ತಾಗಿದೆ. ಆಕೆಯ ಕಂಕುಳಲ್ಲಿನ ವಿಭೂತಿಯ ಪೊಟ್ಟಣ ನೋಡಿ, ತುಟಿ ಬಿಗಿದು, ಮೊದಲ ಮಡಿಕೆಗೆ ಕೈ ಹಾಕುತ್ತಾನೆ. "ಬಾರವ್ವ. ನಿನಗ ಇಲ್ಲ ಅನ್ನಾಂಗಿಲ್ಲ."

"ತಡೀಯಪಾ ಫಕ್ಕೀರಪ್ಪ" ಎಂದು ಪಕ್ಕದಿಂದ ಅನ್ನವ್ವನ ದನಿ ಬರುತ್ತದೆ. ಆಕೆ ತನ್ನ ಗಿರಾಕಿಯ ಕೈಯಲ್ಲಿ ಸೀರೆ ಬಿಟ್ಟು, ಎದ್ದು, ಎರಡು ಹೆಜ್ಜೆ ಸರಿದು ಅವನ ಎದುರಿಗೆ ಬಂದು ಕೂತಿದ್ದಾಳೆ. "ನಾ ಮೊದಲ ಬಂದೇನಿ. ಮಗಳು ಹಡದಾಳ, ಮೊಮ್ಮಗನ ತೊಟ್ಲಕ್ಕ ಹಾಸಬೇಕು. ಮೆತ್ತಂದು ನೋಡಿ ಕೊಡು. ಗಿರಣಿ ಅರಿವಿ ಕೂಸಿನ ಮೈಗೆ ಚುಚ್ಚತೈತಿ."

ಇದನ್ನು ಆಕೆ ಸಾಲಿಗೆಲ್ಲ ಕೇಳುವಂತೆ ಹೇಳುತ್ತಾಳೆ. ಫಕ್ಕೀರಪ್ಪ ಮೊಳ ಹಾಕುತ್ತಾನೆ, ಒಂದು ಗೇಣು ಹೆಚ್ಚಿಗೆ ಬಿಟ್ಟು ಹರಿಯುತ್ತಾನೆ. ಅನ್ನವ್ವ ಅದನ್ನು ಕಣ್ಣಿಗೊತ್ತಿಕೊಂಡು ತನ್ನ ಸೀರೆಗಳ ಮೇಲೆಯೇ ಇಟ್ಟುಕೊಳ್ಳುತ್ತಾಳೆ. ಆಮೇಲೆ ಹಾಲವ್ವನ ಕಡೆ ತಿರುಗಿ, "ಏನ ನೋಡ್ತಿ ಗರ ಬಡದಾಕಿ ಹಂಗ? ನಿನ್ನ ಪಾಳಿ ಬಂತು, ಒಯ್ಯಿ" ಎಂದು ಗದರುತ್ತಾಳೆ.

ಹಾಲವ್ವ ಬಟ್ಟೆ ಒಯ್ದು ಆ ಮನುಷ್ಯನ ಕೈಗೆ ಕೊಟ್ಟು ಬರುತ್ತಾಳೆ. ತಿರುಗಿ ನೋಡುವಷ್ಟರಲ್ಲಿ ಇಬ್ಬರು ಹೆಂಗಸರು ಫಕ್ಕೀರಪ್ಪನ ಎದುರಿಗೆ ಕೂತಿದ್ದಾರೆ. ಧೋತರದ ಅಂಚು ಹಿಡಿದು ಎಳೆದೆಳೆದು ನೋಡುತ್ತಿದ್ದಾರೆ.

ಮಧ್ಯಾಹ್ನ ಬಿಸಿಲೇರಿದ ಮೇಲೆ ಹಾಲವ್ವ ಹೆಸರಿಲ್ಲದ ಆ ಕಲ್ಲಿನ ಮೇಲೆ ಕೂತು ರೊಟ್ಟಿಯ ಗಂಟು ಬಿಚ್ಚುತ್ತಾಳೆ. ಬೆಳಗಿನ ಬೂದಿಯೆಲ್ಲ ಮಂದಿಯ ಕಾಲಿಗೆ ಹತ್ತಿ ಹೋಗಿದೆ. ನಿನಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಮೊದಲು ನಗುತ್ತಾಳೆ. ರೊಟ್ಟಿ ಮುರಿದು, ಚಟ್ನಿ ಹಚ್ಚಿಕೊಂಡು, ನಿಧಾನಕ್ಕೆ ಹೇಳುತ್ತಾಳೆ.

"ಒಂದು ಐತ್ರಿ. ನಾ ಹೋಗೂ ದಿನ ಸಂತಿ ಇರಬೇಕು. ಎಲ್ಲಾರಿಗೂ ನಾ ತಂದು ಕೊಟ್ಟೇನಿ, ನನ್ನ ಪಾಳಿ ಬಂದಾಗ ತರಾಕ ನಾ ಇರಾಂಗಿಲ್ಲ. ಯಾರ ಬರ್ತಾರೋ ಬರ್ಲಿ. ಬಿದಿರಿಗೆ ಹೊಲದ ಸಾಲು, ಗಡಿಗಿಗೆ ಮನಿ ಸಾಲು, ಎಲಿಗೆ ನಡು, ಅರಿವಿಗೆ ಫಕ್ಕೀರಪ್ಪನ ಕಡೆ. ನನ್ನ ಸಲುವಾಗಿ ಅವ್ರು ಇಡೀ ಸಂತಿ ತಿರಗಬೇಕು ನೋಡ್ರಿ."